ಮುಚ್ಚಳದ ಅಳತೆ

ದುಕ್ಮ್ ಬಂದರಿಗೆ ಇನ್ನೂ ತೊಂಬತ್ತು ಕಿಲೋಮೀಟರ್ ಇರುವಾಗ
ಪಿಕಪ್ಪು ಒಮ್ಮೆ ಕೆಮ್ಮಿ ಸುಮ್ಮನಾಯಿತು.
ಕುಂಞಾಮು ಬಾನೆಟ್ಟು ಎತ್ತಿ ನೋಡಿದ,
ಆಪರೇಷನ್ ಕೋಣೆಯಿಂದ ಹೊರಬಂದ ಡಾಕ್ಟರಂತೆ
ತಲೆಯಾಡಿಸಿದ.
ಸಿಗ್ನಲ್ಲಿಲ್ಲ. ಆರು ಜನ.
ಐದು ಲೀಟರಿನ ಒಂದು ಕ್ಯಾನು, ಅರ್ಧಕ್ಕೂ ಕೆಳಗೆ ನೀರು.
ಜೂನ್ ತಿಂಗಳು. ಬಿಸಿಲಿನ ವಿಷಯ ಹೇಳುವುದಿಲ್ಲ:
ಕಂಡವರಿಗೆ ಗೊತ್ತು, ಉಳಿದವರಿಗೆ ಹೇಳಿ ಫಲವಿಲ್ಲ.

ನಾನು ಹಿಂದೆ ಬಂಟ್ವಾಳದ ಕಾಲೇಜಿನಲ್ಲಿ
ಗಂಟೆಗಿಷ್ಟು ಎಂದು ರಾಜ್ಯಶಾಸ್ತ್ರ ಹೇಳುತ್ತಿದ್ದವನು.
ಮೂರನೇ ಸೆಮಿಸ್ಟರು, ಎರಡನೇ ಘಟಕ: ನಿಸರ್ಗ ಸ್ಥಿತಿ.
ಸರ್ಕಾರ ಹುಟ್ಟುವ ಮೊದಲು ಮನುಷ್ಯ ಹೇಗಿದ್ದ?
ತೋಳದ ಹಾಗೆ ಎಂದು ಕೆಲವರು, ಜಿಂಕೆಯ ಹಾಗೆ ಎಂದು ಕೆಲವರು.
ಹತ್ತು ಅಂಕದ ಪ್ರಶ್ನೆ, ಬಂದೇ ಬರುತ್ತದೆ, ಅಡಿಗೆರೆ ಎಳೆದುಕೊಳ್ಳಿ.
ಬರೆದ ಮಹನೀಯರು ಯಾರೂ
ನೀರಿನ ಕ್ಯಾನಿನ ಎದುರು ಕೂತವರಲ್ಲವೇನೋ ಎಂದು
ನನಗಾಗ ಹೊಳೆದಿರಲಿಲ್ಲ.

ಮೊದಲ ಒಂದು ತಾಸು ಯಾರೂ ಅದರ ಕಡೆ ನೋಡಲಿಲ್ಲ.
ನೋಡದೆ ಇರುವುದರಲ್ಲೇ ಎಲ್ಲರೂ ನೋಡುತ್ತಿದ್ದೆವು.
ಗುಲ್‌ಜರೀನ್ ನಮ್ಮೆಲ್ಲರಿಗಿಂತ ಒಂದು ಗೇಣು ಎತ್ತರ.
ಅವನು ಎದ್ದು ನಿಂತಾಗ
ನನ್ನ ಎರಡನೇ ಘಟಕ ಪೂರ್ತಿ ಬೆನ್ನಮೇಲೆ ಬೆವರಾಗಿ ಇಳಿಯಿತು.
ಅವನು ಕಲ್ಲಿನಾಚೆ ಹೋಗಿ ಉಚ್ಚೆ ಹೊಯ್ದು ಬಂದ.

ಮಾತೆತ್ತಿದವನು ಯಾದಗಿರಿಯ ಸಾಬಣ್ಣ,
ಹೆಬ್ಬೆಟ್ಟಿನವನು, ಕಂಬಿ ಕಟ್ಟುವವನು:
'ಮುಚ್ಚಳದಾಗ ಅಳದು ಕುಡಿಯಮ್ರಿ ಮಾಸ್ತರ,
ತಾಸಿಗೊಂದು. ಆದ್ರ ಒಂದು ಮಾತು,
ಯಾಂವ ಹಾಕ್ತಾನ ಅಂವ ಕಡೀಕ ಕುಡೀಬೇಕು.'
ನಾನದನ್ನು ಹಿಂದಿಗೆ ಇಳಿಸಿದೆ, ಮೊಫಿಜುಲ್ ಬಂಗಾಳಿಯಲ್ಲಿ ಗೊಣಗಿಕೊಂಡ,
ನೇಪಾಳದ ದಿಲ್‌ಮಾನ್ ಕೇಳುವ ಮೊದಲೇ ತಲೆದೂಗಿದ.
ಆರು ಜನ, ಐದು ಭಾಷೆ, ಒಂದು ಕಾನೂನು.
ಯಾರೂ ರುಜು ಹಾಕಲಿಲ್ಲ.

ರುಜು ಹಾಕಿದ್ದು ಮುಂಬೈಯಲ್ಲಿ, ಏಜೆಂಟನ ಮಾಳಿಗೆಯಲ್ಲಿ.
ಒಂದು ಕಡೆ ಅರಬಿ, ಒಂದು ಕಡೆ ಇಂಗ್ಲಿಷು,
ಕೆಳಗೆ ಚುಕ್ಕಿ ಚುಕ್ಕಿಯ ಗೆರೆ.
ನನಗೆ ಇಂಗ್ಲಿಷು ಬರುತ್ತದೆ. ಓದಿದೆ.
ಓದಿಯೂ ಹಾಕಿದೆ. ಅಂಥ ಒಪ್ಪಿಗೆ ಎಷ್ಟು ಒಪ್ಪಿಗೆ ಸಾರ್
ಎಂದು ಯಾವ ಹುಡುಗನೂ ಕ್ಲಾಸಿನಲ್ಲಿ ಕೇಳಿರಲಿಲ್ಲ.
ಅಂದಿನಿಂದ ಪಾಸ್‌ಪೋರ್ಟು ಕಂಪನಿಯ ಕಬ್ಬಿಣದ ಕಪಾಟಿನಲ್ಲಿ
ನನಗಿಂತ ತಂಪಾಗಿದೆ.

ರಾತ್ರಿ ಸಮುದ್ರದ ಕಡೆಯಿಂದ ಮಂಜು ತೆವಳಿ ಬಂತು.
ಆ ಸೀಮೆ ಹಾಗೇ, ಮಳೆಯಿಲ್ಲ, ಮಂಜುಂಟು.
ದೂರದ ಬೇಲಿಯಾಚೆ ನೆಟ್ಟಗೆ ಕೊಂಬಿನ ಬಿಳಿ ಹುಲ್ಲೆಗಳು,
ಸರ್ಕಾರ ತಂತಿ ಸುತ್ತಿ ಕಾಪಾಡಿದ ನಿಸರ್ಗ,
ಇಬ್ಬನಿ ಹಿಡಿದ ಮುಳ್ಳುಗಿಡ ಮೇಯುತ್ತಿದ್ದವು.
ದಿಲ್‌ಮಾನ್ ಅಂಗಿ ಬಿಚ್ಚಿ ಬಾನೆಟ್ಟಿನ ಮೇಲೆ ಹಾಸಿದ.
ಜಾವಕ್ಕೆ ಹಿಂಡಿದರೆ ಎರಡು ಮುಚ್ಚಳ ಬಂತು,
ಡೀಸೆಲ್ಲಿನ ರುಚಿ.

ಇಲ್ಲಿಗೇ ನಿಲ್ಲಿಸಿದ್ದರೆ ಪದ್ಯ ಚೆನ್ನಾಗಿರುತ್ತಿತ್ತು.
ಆದರೆ ಅದಕ್ಕೂ ಮೊದಲು, ಮೂರು ಗಂಟೆಯ ಹೊತ್ತಿಗೆ
ಮುಚ್ಚಳ ತಿರುವಿದ ಸದ್ದು.
ಒಂದು ಗುಟುಕು. ಇನ್ನೊಂದು. ಮತ್ತೆ ಮೆಲ್ಲಗೆ ಮುಚ್ಚಳ.
ಉಳಿದ ಐವರೂ ಎಚ್ಚರವಿದ್ದರು,
ನಿದ್ದೆಯ ಉಸಿರು ಹಾಗಿರುವುದಿಲ್ಲ.
ಕುಡಿದವನಿಗೆ ಅದು ಗೊತ್ತಿತ್ತು.
ಕುಡಿದವನು ನಾನು.

ಬೆಳಿಗ್ಗೆ ಸಾಬಣ್ಣ ಕ್ಯಾನು ನೋಡಿದ, ನನ್ನನ್ನು ನೋಡಲಿಲ್ಲ.
ನನ್ನ ಸರದಿಗೆ ಮುಚ್ಚಳ ತುಂಬಿಯೇ ಬಂತು, ಕಂಠಮಟ್ಟ.
ಕಡೆಗೆ, ಅವನ ಪಾಲಿಗೆ, ಅರ್ಧ.

ಹತ್ತೂವರೆಗೆ ಕಂಪನಿಯ ಗಾಡಿ.
ಸೂಪರ್‌ವೈಸರು ಮೊದಲು ಇಂಜಿನ್ನು ನೋಡಿದ,
ಆಮೇಲೆ ನಮ್ಮನ್ನು ಎಣಿಸಿದ: ಆರು, ಸರಿಯಿದೆ.
ತಲೆಗೊಂದು ತಂಪು ಬಾಟಲು ಕೊಟ್ಟ,
ಸಹಿ ಮಾಡಿಸಿಕೊಂಡು.

ಆ ಮುಚ್ಚಳ ಹೇಗೋ ನಮ್ಮೊಂದಿಗೇ ಬಂತು.
ಕ್ಯಾಂಪಿನ ಹದಿನಾಲ್ಕನೇ ರೂಮಿನಲ್ಲಿ
ಚಹಾಪುಡಿ ಅಳೆಯುವುದು ಅದರಲ್ಲೇ.
ಸೋಸಿದವನು ಈಗಲೂ ಕಡೆಗೆ ಕುಡಿಯುತ್ತಾನೆ,
ಚಹಾಕ್ಕೇನೂ ಬರವಿಲ್ಲ, ಆದರೂ.
ನಿನ್ನೆ ಸಾಬಣ್ಣ ಮುಚ್ಚಳವನ್ನು ನನ್ನ ಕಡೆ ಸರಿಸಿದ,
'ಇವತ್ತ ನೀವ್ ಹಾಕ್ರಿ.'
ಲೋಟಗಳು ಐದು ಸಾಲಾಗಿ ನಿಂತಿದ್ದವು.
ಕೈ ನಡುಗಿ ಸ್ವಲ್ಪ ಚೆಲ್ಲಿತು.
ಯಾರೂ ಏನೂ ಅನ್ನಲಿಲ್ಲ.